ಫ್ರೆಶರ್ ನರ್ಸ್‌ಗೆ ಆಸ್ಪತ್ರೆ ಕೆಲಸ: ಅರ್ಜಿ ಎಲ್ಲಿ ಎಡವುತ್ತದೆ, ಯಾವ ಕ್ರಮದಲ್ಲಿ ಹೋಗಬೇಕು

"ನಲವತ್ತು ಕಡೆ ಹಾಕಿದೆ, ಒಂದು ಕಡೆಯಿಂದಲೂ ಫೋನ್ ಬರಲಿಲ್ಲ." ಕೋರ್ಸ್ ಮುಗಿಸಿದ ಹುಡುಗ ಹುಡುಗಿಯರು ಈ ಮಾತನ್ನು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಅವರ ಅರ್ಜಿ ತರಿಸಿಕೊಂಡು ನೋಡಿದರೆ ಹೆಚ್ಚಿನವರದ್ದು ಒಂದೇ ಕಥೆ. ಓದಿನಲ್ಲಿ ಕೊರತೆ ಇರುವುದಿಲ್ಲ, ಕೆಲಸದ ಕ್ರಮ ಉಲ್ಟಾ ಆಗಿರುತ್ತದೆ. ಜಾಹೀರಾತು ಬಂದ ದಿನ ರೆಸ್ಯೂಮೆ ಬರೆಯಲು ಕೂರುತ್ತಾರೆ, ಆಮೇಲೆ ಸರ್ಟಿಫಿಕೇಟ್ ಹುಡುಕುತ್ತಾರೆ, ರೆಫರೆನ್ಸ್‌ಗೆ ಯಾರನ್ನು ಕೇಳಲಿ ಅಂತ ಕೊನೆಗೆ ಯೋಚಿಸುತ್ತಾರೆ. ಅಷ್ಟು ಹೊತ್ತಿಗೆ ಕೊನೆಯ ದಿನಾಂಕ ದಾಟಿರುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಫ್ರೆಶರ್‌ಗೆ ಎಲ್ಲ ಗೊತ್ತಿರಬೇಕು ಅಂತ ಯಾವ ವಾರ್ಡ್ ಇನ್‌ಚಾರ್ಜ್ ಕೂಡ ಅಂದುಕೊಳ್ಳುವುದಿಲ್ಲ. ಅವರಿಗೆ ಬೇಕಾಗಿರುವುದು ಇಷ್ಟೇ: ರಾತ್ರಿ ಎರಡು ಗಂಟೆಗೆ ರೋಗಿಯ ಸ್ಥಿತಿ ಏರುಪೇರಾದರೆ ಇವರ ಕಣ್ಣಿಗೆ ಬೀಳುತ್ತದಾ? ಗೊತ್ತಾಗದಿದ್ದರೆ ಯಾರನ್ನಾದರೂ ಕರೆಯುತ್ತಾರಾ? ಕೆಳಗಿನ ಪ್ರತಿ ಹಂತದಲ್ಲೂ ಬೇರೆ ಬೇರೆ ರೀತಿಯಲ್ಲಿ ನೀವು ಇದಕ್ಕೇ ಉತ್ತರ ಕೊಡುತ್ತಿರುತ್ತೀರಿ.

## ಹಂತ 1: ಕೊನೆಯ ಪೋಸ್ಟಿಂಗ್‌ನಲ್ಲೇ ಒಂದು ನೋಟ್‌ಬುಕ್ ಇಡಿ

ಕೆಲಸ ಹುಡುಕುವುದು ರಿಸಲ್ಟ್ ಬಂದ ಮೇಲೆ ಅಲ್ಲ, ಕೋರ್ಸ್‌ನ ಕೊನೆಯ ಆರು ತಿಂಗಳಲ್ಲೇ, ಆಸ್ಪತ್ರೆಯಲ್ಲಿ ಕಲಿಕೆಯ ಡ್ಯೂಟಿ (ಅದೇ ಪೋಸ್ಟಿಂಗ್) ಮಾಡುವಾಗಲೇ ಶುರುವಾಗಬೇಕು. ಅದಕ್ಕೆ ಬೇಕಾಗಿರುವುದು ಜೇಬಿನಲ್ಲಿ ಹಿಡಿಸುವ ಒಂದು ನೋಟ್‌ಬುಕ್, ಒಂದು ಪೆನ್ನು.

ಪ್ರತಿ ಡ್ಯೂಟಿ ಮುಗಿದ ಮೇಲೆ ಐದು ನಿಮಿಷ ಕೂತು ಬರೆಯಿರಿ. ಯಾವ ವಾರ್ಡ್, ಎಷ್ಟು ಬೆಡ್, ನಿಮ್ಮ ಪಾಲಿಗೆ ಎಷ್ಟು ರೋಗಿಗಳು, ಯಾವ ಪ್ರೊಸೀಜರ್ ನೋಡಿದಿರಿ, ಯಾವುದನ್ನು ಸಿಸ್ಟರ್ ಪಕ್ಕದಲ್ಲಿ ನಿಂತು ಮಾಡಿಸಿದರು. ಕೊನೆಯಲ್ಲಿ ಆ ದಿನ ನಡೆದ ಒಂದು ಘಟನೆ. ರೋಗಿಯ ಹೆಸರು, ಐಪಿ ನಂಬರ್, ಗುರುತು ಸಿಗುವಂಥ ಯಾವುದೂ ಬೇಡ.

ಕಾಲೇಜಿನ ಲಾಗ್‌ಬುಕ್ ಇದೆಯಲ್ಲ ಅನ್ನಬಹುದು. ಅದರಲ್ಲಿ "ಕ್ಯಾಥೆಟರ್ ಕೇರ್ 10, ಡ್ರೆಸ್ಸಿಂಗ್ 15" ಅಂತ ಲೆಕ್ಕ ಇರುತ್ತದೆ ಅಷ್ಟೇ. ಇಂಟರ್‌ವ್ಯೂನಲ್ಲಿ ಕೇಳುವುದು ಲೆಕ್ಕವನ್ನಲ್ಲ. "ಒಂದು ಸಂದರ್ಭ ಹೇಳಿ" ಅಂತಾರೆ. ಆಗ ನೆನಪಿಗೆ ಬರಬೇಕಾದದ್ದು ಇಂಥ ಟಿಪ್ಪಣಿ:

"ಮೆಡಿಕಲ್ ವಾರ್ಡ್, ಬೆಳಗಿನ ಡ್ಯೂಟಿ. ಇನ್ಸುಲಿನ್ ಹಾಕಿಸಿಕೊಂಡ ಅಜ್ಜಿ ತಿಂಡಿ ಮುಟ್ಟಿಲ್ಲ. ಕೈ ಮುಟ್ಟಿದರೆ ತಣ್ಣಗೆ, ಬೆವರು. ಶುಗರ್ ನೋಡಿದೆ, 58. ಸಿಸ್ಟರ್‌ನ ಕರೆದೆ. ಎಚ್ಚರ ಇದ್ದರು, ನುಂಗುತ್ತಿದ್ದರು, ಅದಕ್ಕೆ 15 ಗ್ರಾಂ ಗ್ಲೂಕೋಸ್ ಬಾಯಿಂದ ಕೊಟ್ಟೆವು. 15 ನಿಮಿಷ ಬಿಟ್ಟು ಮತ್ತೆ ನೋಡಿದಾಗ 92. ಆಮೇಲೆ ತಿಂಡಿ ತಿನ್ನಿಸಿ, ಡಾಕ್ಟರ್‌ಗೆ ಹೇಳಿ, ಚಾರ್ಟ್‌ನಲ್ಲಿ ಬರೆದೆವು."

ಇಂಥ ಎಂಟು ಹತ್ತು ಘಟನೆ ಕೈಲಿದ್ದರೆ ಇಂಟರ್‌ವ್ಯೂ ಅರ್ಧ ಮುಗಿದ ಹಾಗೆ.

ರೆಫರೆನ್ಸ್ ಕೇಳುವುದಕ್ಕೂ ಇದೇ ಸಮಯ. ಪೋಸ್ಟಿಂಗ್‌ನ ಕೊನೆಯ ವಾರ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಇನ್‌ಚಾರ್ಜ್ ಸಿಸ್ಟರ್ ಅಥವಾ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಹತ್ತಿರ ನೇರವಾಗಿ ಹೋಗಿ. "ಮೇಡಂ, ನನ್ನ ಕೆಲಸದ ಬಗ್ಗೆ ಧೈರ್ಯವಾಗಿ ಒಳ್ಳೆ ಮಾತು ಹೇಳಬಹುದಾ?" ಅಂತಲೇ ಕೇಳಿ. ಅವರು "ನೋಡೋಣ" ಅಂದರೆ ಅವರ ಹೆಸರು ಹಾಕಬೇಡಿ, ಬೇರೆಯವರನ್ನು ಕೇಳಿ. ಪ್ರಿನ್ಸಿಪಾಲ್ ದೊಡ್ಡವರು ಅಂತ ಅವರ ಹೆಸರು ಕೊಡುವವರು ಜಾಸ್ತಿ. ಆದರೆ ಅವರು ನಿಮ್ಮನ್ನು ಬೆಡ್ ಪಕ್ಕ ನೋಡಿಯೇ ಇರುವುದಿಲ್ಲ, ಅಲ್ವಾ?

## ಹಂತ 2: ಕಾಗದಪತ್ರ, ಅದರಲ್ಲೂ ತಡವಾಗುವಂಥವು ಮೊದಲು

ಮಾರ್ಕ್ಸ್ ಕಾರ್ಡ್, ಡಿಗ್ರಿ ಅಥವಾ ಡಿಪ್ಲೊಮಾ, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ಗುರುತಿನ ಚೀಟಿ. ಇವು ಎಲ್ಲರಿಗೂ ನೆನಪಿರುತ್ತವೆ. ಎಡವುವುದು ಲಸಿಕೆಯಲ್ಲಿ.

ಹೆಪಟೈಟಿಸ್ ಬಿ ಲಸಿಕೆಯ ಸಾಮಾನ್ಯ ಕ್ರಮ 3 ಡೋಸ್: ಮೊದಲನೆಯದು ಇವತ್ತು ಅಂದರೆ, ಎರಡನೆಯದು 1 ತಿಂಗಳಿಗೆ, ಮೂರನೆಯದು 6ನೇ ತಿಂಗಳಿಗೆ. ಕೊನೆಯ ಡೋಸ್ ಆಗಿ 1ರಿಂದ 2 ತಿಂಗಳಿಗೆ ರಕ್ತದಲ್ಲಿ ಆಂಟಿಬಾಡಿ ಪರೀಕ್ಷೆ. ಆ ಸಂಖ್ಯೆ 10 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಲೆಕ್ಕ ಹಾಕಿ, ಏಳೆಂಟು ತಿಂಗಳಾಯಿತು. ಆಫರ್ ಬಂದ ಮೇಲೆ ಇದನ್ನು ಶುರು ಮಾಡಿದರೆ ಯಾರು ಕಾಯುತ್ತಾರೆ? ದಡಾರ ಮತ್ತು ಚಿಕನ್‌ಪಾಕ್ಸ್ ಲಸಿಕೆಗಳಿಗೂ 2 ಡೋಸ್ ಬೇಕು, ನಡುವೆ ಕನಿಷ್ಠ 4 ವಾರ ಅಂತರ. ಚಿಕ್ಕಂದಿನ ಲಸಿಕೆ ಕಾರ್ಡ್ ಸಿಕ್ಕರೆ ತೆಗೆದಿಡಿ.

ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್, ಅಂದರೆ ಎದೆ ಒತ್ತಿ ಜೀವ ಉಳಿಸುವ ತರಬೇತಿ) ಕಾರ್ಡ್ ಇನ್ನೊಂದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕಾರ್ಡ್ 2 ವರ್ಷ ನಡೆಯುತ್ತದೆ. ಎರಡನೇ ವರ್ಷದಲ್ಲಿ ಕಾಲೇಜಿನವರು ಮಾಡಿಸಿದ್ದರೆ ಈಗ ಅದರ ಅವಧಿ ಮುಗಿದಿರಬಹುದು, ದಿನಾಂಕ ನೋಡಿ. ಬೊಂಬೆಯ ಮೇಲೆ ಕೈಯಿಟ್ಟು ಮಾಡದೆ ಬರೀ ಆನ್‌ಲೈನ್‌ನಲ್ಲಿ ಸಿಗುವ ಕಾರ್ಡಿಗೆ ದುಡ್ಡು ಹಾಕಬೇಡಿ.

ಎಲ್ಲ ಕಾಗದದಲ್ಲೂ ನಿಮ್ಮ ಹೆಸರಿನ ಸ್ಪೆಲಿಂಗ್ ಮತ್ತು ಇನಿಷಿಯಲ್ ಒಂದೇ ಥರ ಇದೆಯಾ ಅಂತ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ತಿದ್ದಿಸಲು ಈಗಲೇ ಅರ್ಜಿ ಹಾಕಿ. ಆಮೇಲೆ ಎಲ್ಲವನ್ನೂ ನೆಟ್ಟಗೆ ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ, ಒಂದೇ ಫೋಲ್ಡರ್‌ಗೆ ಹಾಕಿ. ಫೈಲಿಗೆ ನಿಮ್ಮ ಹೆಸರು ಮತ್ತು ದಾಖಲೆಯ ಹೆಸರು ಇಡಿ. "ಸ್ಕ್ಯಾನ್ 0047" ಅಂತ ಬಂದ ಫೈಲನ್ನು ತೆರೆದು ಯಾರದು ಅಂತ ಹುಡುಕುವ ತಾಳ್ಮೆ ಎಚ್‌ಆರ್‌ನವರಿಗೆ ಇರುವುದಿಲ್ಲ.

## ಹಂತ 3: ಎಲ್ಲಿ ಹಾಕಬೇಕು ಅಂತ ತೀರ್ಮಾನಿಸಿ

ಹೊಸಬರನ್ನು ತರಬೇತಿ ಕೊಟ್ಟು ಬೆಳೆಸುವ ಯೋಜನೆಗೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಅಮೆರಿಕದಲ್ಲಿ ನರ್ಸ್ ರೆಸಿಡೆನ್ಸಿ, ಬ್ರಿಟನ್‌ನಲ್ಲಿ ಪ್ರಿಸೆಪ್ಟರ್‌ಶಿಪ್, ಆಸ್ಟ್ರೇಲಿಯಾದಲ್ಲಿ ಗ್ರಾಜುಯೇಟ್ ಪ್ರೋಗ್ರಾಂ. ಇಂಥ ಯೋಜನೆಗಳಲ್ಲಿ ಬ್ಯಾಚ್ ಲೆಕ್ಕದಲ್ಲಿ ತೆಗೆದುಕೊಳ್ಳುವುದು ಸಾಮಾನ್ಯ. ಅರ್ಜಿ ಹಾಕಲು ಸಿಗುವುದು ಕೆಲವೇ ದಿನ. ಅದಕ್ಕೇ ನಿಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿ ಮಾಡಿ, ಅವರ ಕೆಲಸದ ಪುಟದಲ್ಲಿ ಇಮೇಲ್ ಅಲರ್ಟ್ ಹಾಕಿಕೊಳ್ಳಿ. ಹಿಂದಿನ ವರ್ಷ ಯಾವ ತಿಂಗಳು ತೆರೆದಿತ್ತು ಅಂತ ಸೀನಿಯರ್‌ಗಳನ್ನು ಕೇಳಿದರೆ ಗೊತ್ತಾಗುತ್ತದೆ.

ಜಾಹೀರಾತಿನ ಪದಗಳನ್ನು ನಿಧಾನವಾಗಿ ಓದಿ. "1 ವರ್ಷ ಅನುಭವ ಕಡ್ಡಾಯ" ಅಂತ ಇದ್ದರೆ ಬಿಟ್ಟುಬಿಡಿ. "ಅನುಭವ ಇದ್ದವರಿಗೆ ಆದ್ಯತೆ" ಅಂತ ಇದ್ದರೆ ಹಾಕಬಹುದು.

ಎಲ್ಲರಿಗೂ ಐಸಿಯು, ಎಮರ್ಜೆನ್ಸಿ, ಮಕ್ಕಳ ವಾರ್ಡ್ ಬೇಕು. ಸಹಜ. ಆದರೆ ಅವಕ್ಕೆ ಮಾತ್ರ ಹಾಕಿ ಕಾಯುವುದು ನನ್ನ ಪ್ರಕಾರ ತಪ್ಪು. ಇಷ್ಟದ ವಿಭಾಗಕ್ಕೆ ಎರಡು ಅರ್ಜಿ ಹಾಕಿದರೆ ಜನರಲ್ ಮೆಡಿಕಲ್ ಅಥವಾ ಸರ್ಜಿಕಲ್ ವಾರ್ಡ್‌ಗೆ ನಾಲ್ಕು ಹಾಕಿ. ಕೊನೆಯ ಪೋಸ್ಟಿಂಗ್ ಮಾಡಿದ ಆಸ್ಪತ್ರೆಯನ್ನಂತೂ ಬಿಡಬೇಡಿ, ಅಲ್ಲಿ ನಿಮ್ಮ ಮುಖ ಗೊತ್ತು.

ಹಾಕಿದ್ದನ್ನೆಲ್ಲ ಒಂದು ಶೀಟಿನಲ್ಲಿ ಬರೆದಿಡಿ: ಆಸ್ಪತ್ರೆ, ಹುದ್ದೆಯ ನಂಬರ್, ಕೊನೆಯ ದಿನ, ಹಾಕಿದ ದಿನ, ಯಾವ ರೆಸ್ಯೂಮೆ ಕಳಿಸಿದಿರಿ, ಮುಂದೇನಾಯಿತು. ಎಚ್‌ಆರ್‌ನಿಂದ ಫೋನ್ ಬಂದಾಗ "ಯಾವ ಪೋಸ್ಟ್ ಮೇಡಂ?" ಅಂತ ಕೇಳುವ ಪರಿಸ್ಥಿತಿ ಬರಬಾರದು.

## ಹಂತ 4: ಒಂದು ಪುಟದ ರೆಸ್ಯೂಮೆ

ಫ್ರೆಶರ್‌ಗೆ ಒಂದು ಪುಟ ಸಾಕು. ಮೇಲೆ ಹೆಸರು, ಫೋನ್, ಸಭ್ಯವಾದ ಇಮೇಲ್. ಅದರ ಕೆಳಗೆ ರಿಜಿಸ್ಟ್ರೇಷನ್ ಸ್ಥಿತಿ, ಆಮೇಲೆ ಓದು, ಆಮೇಲೆ ಕ್ಲಿನಿಕಲ್ ಪೋಸ್ಟಿಂಗ್, ಬಿಎಲ್‌ಎಸ್‌ನಂಥ ಸರ್ಟಿಫಿಕೇಟ್, ಗೊತ್ತಿರುವ ಭಾಷೆಗಳು.

ಕ್ಲಿನಿಕಲ್ ಪೋಸ್ಟಿಂಗ್ ಭಾಗಕ್ಕೇ ಅರ್ಧ ಪುಟ ಕೊಡಿ. ನನ್ನ ಕೈಗೆ ಬರುವ ಹತ್ತರಲ್ಲಿ ಒಂಬತ್ತು ರೆಸ್ಯೂಮೆಯಲ್ಲಿ ಇರುವ ಸಾಲು ಹೀಗೆ: "ಸರ್ಜಿಕಲ್ ವಾರ್ಡ್‌ನಲ್ಲಿ ರೋಗಿಗಳ ಆರೈಕೆ ಮಾಡಿದ್ದೇನೆ." ಇದನ್ನು ನರ್ಸಿಂಗ್ ಓದಿದ ಯಾರು ಬೇಕಾದರೂ ಬರೆಯಬಹುದು. ನೋಟ್‌ಬುಕ್ ತೆಗೆದು ಹೀಗೆ ಬದಲಾಯಿಸಿ: "30 ಬೆಡ್‌ನ ಸರ್ಜಿಕಲ್ ವಾರ್ಡ್, 160 ಗಂಟೆ. ಮೇಲ್ವಿಚಾರಣೆಯಲ್ಲಿ 4 ರೋಗಿಗಳ ಹೊಣೆ: ಆಪರೇಷನ್ ನಂತರದ ವೈಟಲ್ಸ್, ಡ್ರೈನ್ ಅಳತೆ, ಡ್ರೆಸ್ಸಿಂಗ್, ಹ್ಯಾಂಡೋವರ್." ಕೆಲಸ ಅದೇ. ಆದರೆ ಈಗ ಓದುವವರಿಗೆ ನೀವು ವಾರ್ಡ್‌ನಲ್ಲಿ ನಿಂತಿದ್ದು ಕಾಣುತ್ತದೆ.

"ಮೇಲ್ವಿಚಾರಣೆಯಲ್ಲಿ" ಅನ್ನುವ ಪದ ನಾಚಿಕೆಯದ್ದಲ್ಲ, ಅದನ್ನು ತೆಗೆಯಬೇಡಿ. ಒಂದೇ ಸಲ ನೋಡಿದ ವೆಂಟಿಲೇಟರನ್ನು "ವೆಂಟಿಲೇಟರ್ ನಿರ್ವಹಣೆಯಲ್ಲಿ ಪರಿಣತಿ" ಅಂತ ಬರೆದರೆ ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಯೇ ಅದರ ಮೇಲೆ ಬರುತ್ತದೆ.

ದೊಡ್ಡ ಆಸ್ಪತ್ರೆಗಳಲ್ಲಿ ಅರ್ಜಿಯನ್ನು ಮೊದಲು ಸಾಫ್ಟ್‌ವೇರ್ ಜರಡಿ ಹಿಡಿಯುವುದುಂಟು. ಎರಡು ಕಾಲಂ, ಟೇಬಲ್, ಚಿತ್ರ, ಅಲಂಕಾರದ ಗುರುತುಗಳು ಇದ್ದರೆ ಅದು ತಪ್ಪಾಗಿ ಓದಬಹುದು. ಸಾದಾ ಅಕ್ಷರ, ಸಾದಾ ಹೆಡ್ಡಿಂಗ್ ಸಾಕು. ಜಾಹೀರಾತಿನಲ್ಲಿ ಅವರು ಬಳಸಿದ ಪದ ಯಾವುದೋ ಅದನ್ನೇ ಬಳಸಿ, ನಿಜವಾಗಿ ಮಾಡಿದ ಕೆಲಸವಾಗಿದ್ದರೆ ಮಾತ್ರ.

ಓದುವಾಗ ಅಂಗಡಿಯಲ್ಲೋ ಕಾಲ್ ಸೆಂಟರ್‌ನಲ್ಲೋ ಕೆಲಸ ಮಾಡಿದ್ದರೆ ಅದನ್ನೂ ಒಂದು ಸಾಲು ಸೇರಿಸಿ. ಸಿಟ್ಟಾದವರ ಹತ್ತಿರ ಮಾತಾಡಿ ಅಭ್ಯಾಸ ಇದೆ ಅಂತ ತಿಳಿಯುತ್ತದೆ.

## ಹಂತ 5: ಆನ್‌ಲೈನ್ ಫಾರಂ ಮತ್ತು ಪತ್ರ

ಒಳ್ಳೆ ಅರ್ಜಿಗಳು ಸುಮ್ನೆ ಸಾಯುವುದು ಇಲ್ಲಿ. ಫಾರಂನಲ್ಲಿ ಕೆಲವು ಪ್ರಶ್ನೆಗಳಿಗೆ "ಇಲ್ಲ" ಅಂದ ಕೂಡಲೇ ಅರ್ಜಿ ಪಕ್ಕಕ್ಕೆ ಹೋಗಬಹುದು. ರಿಜಿಸ್ಟ್ರೇಷನ್ ಇದೆಯಾ, ರಾತ್ರಿ ಪಾಳಿ ಮಾಡುತ್ತೀರಾ, ಇಂಥ ದಿನ ಸೇರಬಲ್ಲಿರಾ. ಸುಳ್ಳು ಹೇಳಿ ಅಂತಲ್ಲ. ರಿಜಿಸ್ಟ್ರೇಷನ್ ಇನ್ನೂ ಬಂದಿಲ್ಲದಿದ್ದರೆ "ನಿರೀಕ್ಷಿತ ದಿನಾಂಕ" ತುಂಬುವ ಜಾಗ ಇದೆಯಾ ಅಂತ ಹುಡುಕಿ. ಇಲ್ಲದಿದ್ದರೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿದ ಮೇಲೆ ತುಂಬಿ.

ಉದ್ದ ಉತ್ತರಗಳನ್ನು ಬೇರೆ ಕಡೆ ಟೈಪ್ ಮಾಡಿ ಪೇಸ್ಟ್ ಮಾಡಿ, ನಡುವೆ ಪುಟ ಹಾರಿಹೋದರೂ ಬರೆದದ್ದು ಉಳಿಯುತ್ತದೆ. "ರೆಸ್ಯೂಮೆ ನೋಡಿ" ಅಂತ ಯಾವ ಜಾಗದಲ್ಲೂ ಬರೆಯಬೇಡಿ. ತಾರೀಖುಗಳು ರೆಸ್ಯೂಮೆಯಲ್ಲಿ ಇರುವಂತೆಯೇ ಇರಲಿ. ಕೊನೆಯ ದಿನದ ರಾತ್ರಿಗೆ ಬಿಡಬೇಡಿ.

ಪತ್ರಕ್ಕೆ ಮೂರು ಪ್ಯಾರಾ ಸಾಕು: ಯಾವ ಹುದ್ದೆ ಮತ್ತು ಈ ಆಸ್ಪತ್ರೆಯೇ ಯಾಕೆ, ನೋಟ್‌ಬುಕ್‌ನಿಂದ ಒಂದು ಘಟನೆ, ಯಾವಾಗ ಸೇರಬಲ್ಲಿರಿ. ಕಳಿಸುವ ಮುಂಚೆ ಆಸ್ಪತ್ರೆಯ ಹೆಸರನ್ನು ಗಟ್ಟಿಯಾಗಿ ಓದಿ. ನನ್ನ ಮೊದಲ ಸುತ್ತಿನಲ್ಲಿ ಒಂದು ಆಸ್ಪತ್ರೆಯ ಪತ್ರದಲ್ಲಿ ಇನ್ನೊಂದು ಆಸ್ಪತ್ರೆಯನ್ನು ಹಾಡಿ ಹೊಗಳಿದ್ದೆ. ಉತ್ತರ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

## ಹಂತ 6: ಡೋಸ್ ಲೆಕ್ಕದ ಪರೀಕ್ಷೆ

ಬರವಣಿಗೆ ಪರೀಕ್ಷೆ ಇದ್ದರೆ ಅದರಲ್ಲಿ ಔಷಧದ ಲೆಕ್ಕ ಬಂದೇ ಬರುತ್ತದೆ ಅಂದುಕೊಳ್ಳಿ. ದಿನಕ್ಕೆ ಐದು ಲೆಕ್ಕದ ಹಾಗೆ ಎರಡು ವಾರ ಮಾಡಿ, ಕ್ಯಾಲ್ಕುಲೇಟರ್ ಇಲ್ಲದೆ.

1000 ಎಂಎಲ್ ಫ್ಲೂಯಿಡ್ 8 ಗಂಟೆಯಲ್ಲಿ ಹೋಗಬೇಕು, ಸೆಟ್ 1 ಎಂಎಲ್‌ಗೆ 20 ಹನಿಯದು. 1000 × 20 = 20,000 ಹನಿ. 8 ಗಂಟೆ ಅಂದರೆ 480 ನಿಮಿಷ. ಭಾಗಿಸಿದರೆ 41.67, ನಿಮಿಷಕ್ಕೆ 42 ಹನಿ. ಗಾಬರಿಯಲ್ಲಿ 480ರ ಬದಲು 8ರಿಂದ ಭಾಗಿಸಿ 2500 ಅಂತ ಬರೆದವರಿದ್ದಾರೆ. ನಿಮಿಷಕ್ಕೆ 2500 ಹನಿ ಬೀಳುವುದನ್ನು ಕಣ್ಣ ಮುಂದೆ ತಂದುಕೊಂಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಇನ್ನೊಂದು: 500 ಎಂಎಲ್‌ನಲ್ಲಿ 25,000 ಯೂನಿಟ್ ಹೆಪಾರಿನ್. ಗಂಟೆಗೆ 1000 ಯೂನಿಟ್ ಹೋಗಬೇಕು. 1 ಎಂಎಲ್‌ನಲ್ಲಿ 50 ಯೂನಿಟ್, ಹಾಗಾಗಿ ಪಂಪ್ ಗಂಟೆಗೆ 20 ಎಂಎಲ್.

ಬರೆಯುವಾಗ "5.0" ಅನ್ನಬೇಡಿ, ಚುಕ್ಕಿ ಕಾಣದಿದ್ದರೆ 50 ಆಗುತ್ತದೆ. ".5" ಅನ್ನಬೇಡಿ, "0.5" ಅನ್ನಿ. ಉತ್ತರ ಸರಿ ಇದ್ದರೂ ಇದನ್ನು ಗಮನಿಸುವವರಿದ್ದಾರೆ.

## ಹಂತ 7: ಇಂಟರ್‌ವ್ಯೂ

ಒಂದು ಪ್ರಶ್ನೆಯನ್ನು ಪೂರ್ತಿ ನೋಡೋಣ, ಯಾಕೆಂದರೆ ಇದರ ಒಂದಲ್ಲ ಒಂದು ರೂಪ ಕೇಳುತ್ತಲೇ ಇರುತ್ತಾರೆ. "ನಾಲ್ಕು ರೋಗಿಗಳಿದ್ದಾರೆ. ಒಬ್ಬರಿಗೆ ನೋವಿನ ಇಂಜೆಕ್ಷನ್ ಬೇಕು. ಒಬ್ಬರಿಗೆ ಊಟಕ್ಕೆ ಮುಂಚಿನ ಇನ್ಸುಲಿನ್ ಬಾಕಿ. ಒಬ್ಬರ ಮಗ ಬಂದು ಕೂಗಾಡುತ್ತಿದ್ದಾನೆ. ನಾಲ್ಕನೆಯವರಿಗೆ ನಿನ್ನೆ ಹೊಟ್ಟೆಯ ಆಪರೇಷನ್ ಆಗಿದೆ: ಬಿಪಿ 88/50, ಪಲ್ಸ್ 124, ಉಸಿರು 24, ಆಕ್ಸಿಜನ್ 95, ಡ್ರೈನ್‌ನಲ್ಲಿ ಒಂದು ಗಂಟೆಯಲ್ಲಿ 300 ಎಂಎಲ್ ಕೆಂಪು ರಕ್ತ. ಏನು ಮಾಡುತ್ತೀರಿ?"

ನಾಲ್ಕನೆಯವರ ಹತ್ತಿರ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಆಮೇಲೆ "ಡಾಕ್ಟರ್‌ಗೆ ಇನ್ಫಾರ್ಮ್ ಮಾಡುತ್ತೇನೆ" ಅಂತ ನಿಲ್ಲಿಸುತ್ತಾರೆ. ಅದು ಅರ್ಧ ಉತ್ತರ. ಪೂರ್ತಿ ಉತ್ತರದಲ್ಲಿ ಇಷ್ಟು ಇರಬೇಕು: ರೋಗಿಯನ್ನು ಬಿಟ್ಟು ಹೋಗುವುದಿಲ್ಲ. ಬೆಲ್ ಒತ್ತಿ ಸೀನಿಯರ್‌ನ ಕರೆಯುತ್ತೇನೆ. ಎಚ್ಚರ ಇದ್ದಾರಾ, ಉಸಿರು ಹೇಗಿದೆ, ಐವಿ ಲೈನ್ ನಡೆಯುತ್ತಿದೆಯಾ, ಡ್ರೆಸ್ಸಿಂಗ್ ನೆನೆದಿದೆಯಾ ನೋಡುತ್ತೇನೆ. ಬಿಪಿ ಮತ್ತೊಮ್ಮೆ ನೋಡುತ್ತೇನೆ. ಇನ್ಸುಲಿನ್ ಮತ್ತು ನೋವಿನ ಇಂಜೆಕ್ಷನ್ ನೋಡಿಕೊಳ್ಳಲು ಇನ್ನೊಬ್ಬ ಸ್ಟಾಫ್‌ಗೆ ಹೇಳುತ್ತೇನೆ. ಮಗನಿಗೆ "ಹತ್ತು ನಿಮಿಷದಲ್ಲಿ ಬರುತ್ತೇನೆ" ಅಂತ ಒಂದು ಮಾತು.

ರೋಗಿಯ ಸ್ಥಿತಿ ಎಷ್ಟು ಗಂಭೀರ ಅಂತ ಅಂಕದಲ್ಲಿ ಅಳೆಯುವ ಬ್ರಿಟನ್‌ನ ನ್ಯೂಸ್2 ಚಾರ್ಟ್ ಗೊತ್ತಿದ್ದರೆ ಇದಕ್ಕೆ ಅಂಕ ಹಾಕಿ ತೋರಿಸಬಹುದು: ಬಿಪಿಗೆ 3, ಪಲ್ಸ್‌ಗೆ 2, ಉಸಿರಿಗೆ 2, ಆಕ್ಸಿಜನ್‌ಗೆ 1. ಒಟ್ಟು 8. ಅದರಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತುರ್ತು ತಂಡವನ್ನೇ ಕರೆಯಬೇಕು.

ಆಮೇಲೆ ಫೋನಿನ ಮಾತು. ಎಸ್‌ಬಾರ್ (ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನು ಬೇಕು ಅನ್ನುವ ಕ್ರಮದಲ್ಲಿ ವಿಷಯ ತಿಳಿಸುವ ವಿಧಾನ) ಅಂದರೇನು ಅಂತ ವಿವರಿಸಬೇಡಿ, ಮಾತಾಡಿ ತೋರಿಸಿ: "ಡಾಕ್ಟರ್, ಸರ್ಜಿಕಲ್ ವಾರ್ಡ್‌ನಿಂದ ಸ್ಟಾಫ್ ನರ್ಸ್. 12ನೇ ಬೆಡ್‌ನವರ ಬಿಪಿ 88/50, ಪಲ್ಸ್ 124. ನಿನ್ನೆ ಹೊಟ್ಟೆ ಆಪರೇಷನ್ ಆಗಿದೆ, ಬೆಳಗ್ಗೆವರೆಗೆ ಚೆನ್ನಾಗಿದ್ದರು. ಒಂದು ಗಂಟೆಯಲ್ಲಿ ಡ್ರೈನ್ 300 ಎಂಎಲ್, ಕೆಂಪು ರಕ್ತ. ಬ್ಲೀಡಿಂಗ್ ಇರಬಹುದು ಅಂತ ನನ್ನ ಅನುಮಾನ. ನೀವು ಈಗಲೇ ಬಂದು ನೋಡಬೇಕು. ಬರುವಷ್ಟರಲ್ಲಿ ಏನು ಶುರು ಮಾಡಲಿ?" ಇದನ್ನು ಮನೆಯಲ್ಲಿ ಗಟ್ಟಿಯಾಗಿ ಹತ್ತು ಸಲ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ಲೆಕ್ಕಕ್ಕಿಲ್ಲ.

ಇನ್ನೊಂದು ಪ್ರಶ್ನೆ: "ನೀವು ತಪ್ಪು ಮಾಡಿದ ಸಂದರ್ಭ ಹೇಳಿ." "ಇಲ್ಲ, ಮಾಡಿಲ್ಲ" ಅನ್ನುವುದು ಎಲ್ಲಕ್ಕಿಂತ ಕೆಟ್ಟ ಉತ್ತರ. ಮುಚ್ಚಿಡುವವರು ಅಂತ ಅನುಮಾನ ಬರುತ್ತದೆ. ಚಿಕ್ಕದಾದರೂ ನಿಜವಾದದ್ದು ಹೇಳಿ. ಏನಾಯಿತು, ಮೊದಲು ರೋಗಿಯನ್ನು ಹೇಗೆ ನೋಡಿಕೊಂಡಿರಿ, ಯಾರಿಗೆ ಹೇಳಿದಿರಿ, ಈಗ ಏನನ್ನು ಬೇರೆ ಥರ ಮಾಡುತ್ತೀರಿ. ಇದೇ ಕ್ರಮದಲ್ಲಿ.

ನೀವೂ ಕೇಳಿ. ಓರಿಯೆಂಟೇಷನ್ ಎಷ್ಟು ವಾರ? ಜೊತೆಗಿರುವ ಸೀನಿಯರ್ ಒಬ್ಬರೇನಾ, ದಿನಾ ಬೇರೆಯವರಾ? ಒಂದು ಪಾಳಿಗೆ ಎಷ್ಟು ರೋಗಿಗಳು? ರಾತ್ರಿ ಪಾಳಿಯನ್ನು ಯಾವಾಗಿನಿಂದ ಒಬ್ಬಳೇ ಮಾಡಬೇಕು? ಮೊದಲ ತಿಂಗಳುಗಳಲ್ಲಿ ಬೇರೆ ವಾರ್ಡ್‌ಗೆ ಕಳಿಸುತ್ತಾರಾ?

ಮುಗಿದ ದಿನವೇ ನಾಲ್ಕು ಸಾಲಿನ ಧನ್ಯವಾದದ ಮೇಲ್ ಕಳಿಸಿ, ರೆಫರೆನ್ಸ್ ಕೊಟ್ಟವರಿಗೆ "ಫೋನ್ ಬರಬಹುದು ಮೇಡಂ" ಅಂತ ತಿಳಿಸಿ. ಅವರು ಹೇಳಿದ ದಿನ ದಾಟಿದರೆ ಒಮ್ಮೆ ವಿಚಾರಿಸಿ. ದಿನಾ ಫೋನ್ ಮಾಡಬೇಡಿ.

## ಹಂತ 8: ಆಫರ್ ಬಂದಾಗ ನೋಡಬೇಕಾದ ಅಪಾಯದ ಗುರುತುಗಳು

ಬಾಯಿಮಾತಿನ ಆಫರ್ ಆಫರ್ ಅಲ್ಲ. ಲಿಖಿತ ಪತ್ರ ಕೈಗೆ ಬರುವವರೆಗೆ ಉಳಿದ ಅರ್ಜಿಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ.

ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. "ಡೆಪಾಸಿಟ್", "ಟ್ರೈನಿಂಗ್ ಫೀ" ಅಂತ ಏನು ಹೆಸರಿಟ್ಟರೂ ಅದೇ. ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ, ತೋರಿಸಿ ವಾಪಸ್ ತೆಗೆದುಕೊಳ್ಳಿ. ಬಾಂಡ್ ಇದ್ದರೆ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು, ಅದು ತಿಂಗಳು ಕಳೆದ ಹಾಗೆ ಕಡಿಮೆಯಾಗುತ್ತದಾ ಅಂತ ಓದಿದ ಮೇಲೆಯೇ ಸಹಿ.

ನಾನು ಎಲ್ಲಕ್ಕಿಂತ ಹೆದರುವುದು "ಮೂರು ದಿನ ಓರಿಯೆಂಟೇಷನ್, ಆಮೇಲೆ ನೈಟ್" ಅನ್ನುವ ಜಾಗಕ್ಕೆ. ಕೆಲಸ ಸಿಕ್ಕಿದ ಖುಷಿಯಲ್ಲಿ ಇದು ಚಿಕ್ಕದಾಗಿ ಕಾಣುತ್ತದೆ. ಅಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಚಾರ್ಟ್‌ನಲ್ಲಿರುವ ಸಹಿ ನಿಮ್ಮದೇ.

## ಆಗಲಿಲ್ಲ ಅಂದರೆ

ಯಾವ ಹಂತದಲ್ಲಿ ಬಿದ್ದಿರಿ ಅಂತ ಶೀಟ್ ನೋಡಿ. ಫೋನೇ ಬರದಿದ್ದರೆ ರೆಸ್ಯೂಮೆ ಮತ್ತು ಫಾರಂ ತಿದ್ದಬೇಕು. ಇಂಟರ್‌ವ್ಯೂವರೆಗೆ ಹೋಗಿ ನಿಲ್ಲುತ್ತಿದ್ದರೆ ಕಾಗದವನ್ನು ಮುಟ್ಟಬೇಡಿ, ಮಾತಿನ ಅಭ್ಯಾಸ ಮಾಡಿ. ನಿರಾಕರಿಸಿದ ಆಸ್ಪತ್ರೆಗೆ "ಮುಂದಿನ ಬ್ಯಾಚ್‌ಗೆ ನಾನು ಏನು ಸುಧಾರಿಸಿಕೊಳ್ಳಬೇಕು?" ಅಂತ ಒಂದು ಮೇಲ್ ಹಾಕಿ. ಎಲ್ಲರೂ ಉತ್ತರಿಸುವುದಿಲ್ಲ, ಆದರೆ ಒಬ್ಬರು ಉತ್ತರಿಸಿದರೂ ಲಾಭವೇ. ಮಧ್ಯೆ ಚಿಕ್ಕ ಆಸ್ಪತ್ರೆ, ಡಯಾಲಿಸಿಸ್ ಸೆಂಟರ್, ವೃದ್ಧರ ಆರೈಕೆ ಕೇಂದ್ರ ಸಿಕ್ಕರೆ ಸೇರಿಕೊಳ್ಳಿ. ಸೇರುವ ಮುಂಚೆ ಒಂದು ವಿಷಯ ಮಾತ್ರ ನೋಡಿ: ನಿಮಗೆ ಬೇಕಾದ ಫ್ರೆಶರ್ ಬ್ಯಾಚ್‌ಗೆ ಇಷ್ಟು ತಿಂಗಳಿಗಿಂತ ಜಾಸ್ತಿ ಅನುಭವ ಇರಬಾರದು ಅಂತ ನಿಯಮ ಇದೆಯಾ? ಇದ್ದರೆ ಮುಂದಿನ ಬ್ಯಾಚ್ ಯಾವಾಗ ಅಂತ ಲೆಕ್ಕ ಹಾಕಿ ಸೇರಿ. ಅಲ್ಲೂ ಮೊದಲ ದಿನದಿಂದಲೇ ನೋಟ್‌ಬುಕ್ ಜೇಬಿನಲ್ಲಿರಲಿ.